ಕಣ್ಣಿಗೆ ಕಂಡ ಮುಖ ಚಿತ್ರದಲ್ಲೇಕೆ ಸಿಗುವುದಿಲ್ಲ?

ಓದುಗರ ಪ್ರಶ್ನೆ – ಛಾಯಾಗ್ರಹಣ

ಪ್ರಶ್ನೆ: ಸೋಮೇಶ್ವರ ದೇವಸ್ಥಾನದ ಬಳಿ ಕಡಲಿಗೆ ಚಾಚಿದ ಬಂಡೆಗಳಲ್ಲಿ ಒಂದು, ಸಂಜೆ ಹೊತ್ತು ದಡದಿಂದ ನೋಡಿದರೆ ಥೇಟ್ ಮುದುಕನ ಮುಖದಂತೆ ಕಾಣುತ್ತದೆ. ಹಣೆ, ಮೂಗು, ಒಳಗೆ ಸೇರಿದ ಬಾಯಿ ಎಲ್ಲವೂ ಇವೆ. ಮೊಬೈಲಿನಲ್ಲಿ ತೆಗೆದರೆ ಮಾತ್ರ ಬರೀ ಕಪ್ಪು ಮುದ್ದೆ. ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೇ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಕ್ಯಾಮೆರಾ ಕೊಳ್ಳುವ ಮೊದಲು ಒಂದು ಕಣ್ಣು ಮುಚ್ಚಿಕೊಂಡು ಆ ಬಂಡೆಯನ್ನು ನೋಡಿ. ಎರಡು ಕಣ್ಣುಗಳಿಂದ ನೋಡುವಾಗ, ಅದರಲ್ಲೂ ನಡೆಯುತ್ತ ನೋಡುವಾಗ, ಮುಂದೆ ಚಾಚಿದ ಭಾಗ ಯಾವುದು, ಹಿಂದೆ ಸರಿದದ್ದು ಯಾವುದು ಎಂಬುದು ನಮಗೆ ತಾನಾಗಿ ತಿಳಿಯುತ್ತದೆ. ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ಚಿತ್ರದಲ್ಲಿ ಉಬ್ಬುತಗ್ಗುಗಳನ್ನು ತೋರಿಸಿಕೊಡುವುದು ಮುಖ್ಯವಾಗಿ ನೆರಳು. ಒಂದು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸದೆ ನಿಂತಾಗಲೂ ಮುದುಕ ಅಲ್ಲೇ ಇದ್ದರೆ ಅವನು ಚಿತ್ರಕ್ಕೂ ಬರುತ್ತಾನೆ. ಮಾಯವಾದರೆ ಎಷ್ಟು ಬೆಲೆಯ ಕ್ಯಾಮೆರಾ ತಂದರೂ ಅದೇ ಮುದ್ದೆ.

ನಿಮ್ಮ ತೊಂದರೆಯ ಇನ್ನೊಂದು ಕಾರಣ ಹೊತ್ತು. ನಮ್ಮ ಕರಾವಳಿಯಲ್ಲಿ ಸಂಜೆಯ ಸೂರ್ಯ ಕಡಲ ಕಡೆಗಿರುವುದರಿಂದ, ದಡದಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದವರಿಗೆ ಬಂಡೆಯ ನೆರಳಿನ ಮಗ್ಗುಲು ಮಾತ್ರ ಕಾಣುತ್ತದೆ. ಹೊಳೆಯುವ ಆಕಾಶವನ್ನೂ ಅದರೆದುರಿನ ಕತ್ತಲ ಬಂಡೆಯನ್ನೂ ಕಣ್ಣು ಒಟ್ಟಿಗೆ ಸಂಭಾಳಿಸುತ್ತದೆ. ಮೊಬೈಲು ಆಕಾಶವನ್ನು ಉಳಿಸಿಕೊಳ್ಳಲು ಹೋಗಿ ಬಂಡೆಯನ್ನು ಕಪ್ಪಾಗಿಸುತ್ತದೆ. ಹೀಗಾಗಿ ಸಂಜೆಗೆ ದಕ್ಕುವುದು ಅಂಚು ಮಾತ್ರ. ಹಣೆ–ಮೂಗು–ಗಲ್ಲದ ಪಾರ್ಶ್ವರೇಖೆಯೇ ನಿಮಗೆ ಬೇಕಿದ್ದರೆ ಅದನ್ನೇ ದುಡಿಸಿಕೊಳ್ಳಿ: ಮೊಬೈಲಿನ ಪರದೆಯಲ್ಲಿ ಕಾಣುವ ಆಕಾಶವನ್ನು ಮುಟ್ಟಿ ಬೆಳಕನ್ನು ನಿಗದಿ ಮಾಡಿ, ಮೊಣಕಾಲೂರಿ ಕ್ಯಾಮೆರಾವನ್ನು ತಗ್ಗಿಸಿ, ಆ ರೇಖೆ ಕಡಲಿನ ಕಪ್ಪಿನೊಳಗೆ ಕರಗದೆ ಆಕಾಶದ ಎದುರು ನಿಲ್ಲುವಂತೆ ನೋಡಿಕೊಳ್ಳಿ. ದಿಗಂತದ ಗೆರೆ ಮೂಗಿನ ನಡುವೆ ಹಾದುಹೋದರೆ ಮುಖ ಎರಡು ತುಂಡಾಗುತ್ತದೆ. ಒಂದಡಿ ಕೆಳಗೆ ಕುಳಿತರೆ ಅನೇಕ ಸಲ ಅಷ್ಟರಿಂದಲೇ ಚಿತ್ರ ಸರಿಹೋಗುತ್ತದೆ.

ಕಣ್ಣಿನ ಗುಳಿ, ಕೆನ್ನೆಯ ಸುಕ್ಕು ಬೇಕಿದ್ದರೆ ಬೆಳಿಗ್ಗೆಯೇ ಬರಬೇಕು. ಆಗ ಬಿಸಿಲು ತೆಂಗಿನ ಮರಗಳ ಮೇಲಿನಿಂದ, ನಿಮ್ಮ ಬೆನ್ನ ಹಿಂದಿನಿಂದ ಬೀಳುತ್ತದೆ. ನೇರ ಕಡಲಿಗೆ ಮುಖಮಾಡಿ ತೆಗೆದರೆ ಬಂಡೆ ಗೋಡೆಯಂತೆ ಚಪ್ಪಟೆಯಾಗುತ್ತದೆ. ಆದ್ದರಿಂದ ದಡದುದ್ದಕ್ಕೆ ಸರಿದು, ತೆಂಕಣಕ್ಕೋ ಬಡಗಣಕ್ಕೋ ನೋಡುವಂತೆ ನಿಂತು, ಬೆಳಕು ಬಂಡೆಯನ್ನು ಅಡ್ಡಲಾಗಿ ಸವರುವಂತೆ ಮಾಡಿಕೊಳ್ಳಿ. ಚಳಿಗಾಲದಲ್ಲಿ ಇನ್ನೊಂದು ಲಾಭವಿದೆ: ಡಿಸೆಂಬರ್ ಕೊನೆಗೆ ಸೂರ್ಯ ನೇರ ಪಶ್ಚಿಮಕ್ಕಲ್ಲ, ಸುಮಾರು 24 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿ ಮುಳುಗುವುದರಿಂದ, ವಾಯವ್ಯಕ್ಕೆ ಮುಖ ಮಾಡಿ ನಿಂತವರಿಗೆ ಸಂಜೆಯಲ್ಲೂ ಎಡಗಡೆಯಿಂದ ಅಡ್ಡಬೆಳಕು ದೊರೆಯುತ್ತದೆ.

ಮೊಬೈಲಿನ ಸಾಮಾನ್ಯ ಮಸೂರ ಅಗಲ ನೋಟದ್ದು. ಹತ್ತಿರ ಹೋದಷ್ಟೂ ಮೂಗು ಉಬ್ಬಿ ಹಣೆ ಕುಗ್ಗುತ್ತದೆ. ಹತ್ತು ಹೆಜ್ಜೆ ಹಿಂದೆ ಬಂದು ಎರಡು ಅಥವಾ ಮೂರು ಪಟ್ಟಿನ ಮಸೂರದಲ್ಲಿ ತೆಗೆಯಿರಿ. ಸೋಮೇಶ್ವರದ ಆ ಕಡಲಬಂಡೆ ರುದ್ರಪಾದೆಯ ತುದಿಗೆ ಹೋಗುವ ಅಗತ್ಯ ಇದರಿಂದ ತಾನಾಗಿ ತಪ್ಪುತ್ತದೆ. ಅಲ್ಲಿ ಕಾಲು ಜಾರಿ, ತೆರೆಗೆ ಸಿಕ್ಕಿ ಜೀವ ಕಳೆದುಕೊಂಡವರಿದ್ದಾರೆ ಎಂಬುದನ್ನು ಉಳ್ಳಾಲದವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿದರೆ ಯಾರೋ ಕಡೆದು ಜೋಡಿಸಿದಂತಿದೆ. ಇದು ಹೇಗಾಯಿತು? ದೋಣಿ ಹೊರಡುವುದೇ ಬಿಸಿಲೇರಿದ ಮೇಲೆ. ಆ ಹೊತ್ತಿನಲ್ಲಿ ಒಳ್ಳೆಯ ಚಿತ್ರ ಸಾಧ್ಯವೇ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಕಡೆದದ್ದು ತಂಪು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇಲ್ಲಿ ಹೆಪ್ಪುಗಟ್ಟಿತು. ಆರುತ್ತ ಹೋದ ಲಾವಾ ಕುಗ್ಗಿ, ಬೇಸಿಗೆಯ ಕೆರೆಯಂಗಳದ ಕೆಸರಿನಂತೆ ಬಿರುಕುಬಿಟ್ಟಿತು. ತಂಪು ಮೇಲ್ಮೈಯಿಂದ ಒಳಗಿಳಿದ ಹಾಗೆ ಬಿರುಕುಗಳೂ ಆಳಕ್ಕಿಳಿದು ಕಂಬಗಳನ್ನು ಬಿಡಿಸಿದವು. ಆರು ಮುಖದವು ಹೆಚ್ಚಿದ್ದರೂ ಐದು, ಏಳು ಮುಖದವೂ ಇವೆ. ಅಂಥ ಒಂದು ಬೆಸ ಕಂಬವನ್ನು ಹುಡುಕಿ ಚೌಕಟ್ಟಿನ ನಡುವೆ ಇಟ್ಟರೆ ಚಿತ್ರಕ್ಕೆ ಜೀವ ಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕಲ್ಲಿನ ಒಂದು ಚೂರನ್ನೂ ಮನೆಗೆ ತರಬೇಡಿ.

ನಡುಹಗಲಿನ ಬಿಸಿಲು ನಿಂತ ಕಂಬಗಳ ಪಾಲಿಗೆ ಕೆಟ್ಟದ್ದು, ನಿಜ. ಏಪ್ರಿಲ್ ಕೊನೆಯ ವಾರದಲ್ಲಂತೂ ಸೂರ್ಯ ನಮ್ಮ ನೆತ್ತಿಯ ಮೇಲೇ ಹಾದುಹೋಗುವುದರಿಂದ ಆ ಹೊತ್ತಿನಲ್ಲಿ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆದರೆ ಆ ಕಂಬಗಳ ತಲೆಗಳನ್ನು ಮೇಲಿನಿಂದ ನೋಡಿ: ನೆಲಕ್ಕೆ ಹಾಸಿದಂತಿರುವ ಬಹುಭುಜಗಳ ನಡುವಿನ ಬಿರುಕು ಸುಡುಬಿಸಿಲಲ್ಲೂ ಕಪ್ಪಾಗಿಯೇ ಉಳಿಯುತ್ತದೆ, ಉಬ್ಬರದ ನೀರು ನಿಂತ ಕಡೆ ಒಂದೆರಡು ತಲೆಗಳು ಕನ್ನಡಿಯಾಗುತ್ತವೆ. ಮೊದಲ ದೋಣಿಗೆ ಹೋಗಿ ನಿಂತ ಕಂಬಗಳನ್ನು ತೆಗೆಯಿರಿ, ಹೊತ್ತೇರಿದ ಮೇಲೆ ತಲೆಗಳ ಕಡೆ ತಿರುಗಿ. ಮೋಡ ಕವಿದ ದಿನ ಸಿಕ್ಕರೆ ಬಿಡಬೇಡಿ, ಆದರೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಕಪ್ಪು ಕಲ್ಲು ಚೌಕಟ್ಟು ತುಂಬಿದಾಗ ಕ್ಯಾಮೆರಾ ಅದನ್ನು ಬೂದುಬಣ್ಣವಾಗಿಸಲು ನೋಡುತ್ತದೆ. ಬೆಳಕಿನ ಅಳತೆಯನ್ನು ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ತಗ್ಗಿದರೆ ಬೆಳಕು ಅರ್ಧಕ್ಕಿಳಿಯುತ್ತದೆ) ತಗ್ಗಿಸಿದರೆ ಕಲ್ಲು ಕಲ್ಲಿನ ಬಣ್ಣದಲ್ಲೇ ಉಳಿಯುತ್ತದೆ.

ಪ್ರಶ್ನೆ: ಆನೆಯಂತಿರುವ ಬಂಡೆಯ ಚಿತ್ರಕ್ಕೆ ‘ಕಡಲಾನೆ’ ಎಂದು ಹೆಸರಿಟ್ಟು, ಸೊಂಡಿಲು ಎದ್ದು ಕಾಣುವಂತೆ ಸ್ವಲ್ಪ ತಿದ್ದಿದರೆ ತಪ್ಪೇ?
– ಓದುಗರು, ಸುರತ್ಕಲ್

ಉತ್ತರ: ನೆರಳನ್ನು ತುಸು ಗಾಢವಾಗಿಸುವುದರಲ್ಲಿ ತಪ್ಪಿಲ್ಲ. ಇಲ್ಲದ ಸೊಂಡಿಲನ್ನು ಎಳೆದರೆ ಅದು ನಿಮ್ಮ ರಚನೆಯಾಯಿತು, ಬಂಡೆಯ ಚಿತ್ರವಲ್ಲ. ನಿಸರ್ಗ ವಿಭಾಗದ ಸ್ಪರ್ಧೆಗೆ ಅದನ್ನು ಕಳುಹಿಸಬೇಡಿ. ಹೆಸರಿನ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ‘ಕಡಲಾನೆ’ ಎಂದು ಮೊದಲೇ ಹೇಳಿಬಿಟ್ಟರೆ ನೋಡುವವರಿಗೆ ಹುಡುಕುವ ಸುಖ ಉಳಿಯುವುದಿಲ್ಲ. ಊರಿನ ಹೆಸರು, ತಿಂಗಳು ಬರೆದು ಸುಮ್ಮನಿರಿ. ಆನೆ ಇದ್ದರೆ ಮಕ್ಕಳು ಮೊದಲು ಕಂಡುಹಿಡಿಯುತ್ತಾರೆ.

ಪ್ರಶ್ನೆ: ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗಳ ನಡುವೆ ನೀರು ಹಾಲಿನಂತೆ ಹರಿಯುವ ಚಿತ್ರ ತೆಗೆಯಬೇಕು. ಯಾವ ದಿನ ಹೋಗಲಿ, ಏನೇನು ಒಯ್ಯಲಿ?
– ಓದುಗರು, ಕಟಪಾಡಿ

ಉತ್ತರ: 1901ರಲ್ಲಿ ಕಟ್ಟಿದ ಆ ದೀಪಸ್ತಂಭ ನಿಂತಿರುವುದೇ ಬಂಡೆಯ ಮೇಲೆ, ಅದರ ಬುಡದ ಕಲ್ಲುಗಳು ಇಳಿತದಲ್ಲಿ ಹೊರಬಂದಷ್ಟೂ ಚಿತ್ರಕ್ಕೆ ಆಕಾರ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದಿನಗಳಲ್ಲಿ ನೀರು ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುವುದರಿಂದ ಉಬ್ಬರ–ಇಳಿತದ ಕೋಷ್ಟಕ ನೋಡಿ, ಸೂರ್ಯಾಸ್ತದ ಹೊತ್ತಿಗೆ ಇಳಿತ ಬೀಳುವ ದಿನವನ್ನು ಆರಿಸಿಕೊಳ್ಳಿ. ನೀರು ಇಳಿಯುತ್ತಿರುವಾಗ ಬಂಡೆಗಳ ಬಳಿಗೆ ಹೋಗಿ, ಏರತೊಡಗಿದ ಕೂಡಲೇ ವಾಪಸಾಗಿ. ಹಸಿರು ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಡಲೇಬೇಡಿ.

ಷಟರನ್ನು, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲನ್ನು, ಮೂವತ್ತು ಸೆಕೆಂಡು ತೆರೆದಿಟ್ಟ ಚಿತ್ರದಲ್ಲಿ ಕಡಲು ಮಂಜಾಗಿ ಹೋಗುತ್ತದೆ. ನನಗೆ ಅದು ಎಲ್ಲ ಊರಿನಲ್ಲೂ ಒಂದೇ ಥರ ಕಾಣುತ್ತದೆ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ, ತೆರೆ ಹಿಂದೆ ಸರಿಯುವಾಗ ತೆಗೆದರೆ ನೊರೆಯ ಎಳೆಗಳು ಬಂಡೆಯನ್ನು ಸುತ್ತಿ ಇಳಿಯುವುದು ಕಾಣುತ್ತದೆ. ದ್ಯುತಿರಂಧ್ರ, ಅಂದರೆ ಮಸೂರದಲ್ಲಿ ಬೆಳಕು ಹಾಯುವ ಕಿಂಡಿ, ಎಫ್ 8ರಿಂದ 11ರವರೆಗೆ ಇದ್ದರೆ ಸಾಕು. ಒದ್ದೆ ಕಲ್ಲಿನ ಬಿಳಿ ಹೊಳಪನ್ನು ಪೋಲರೈಸರ್ ಫಿಲ್ಟರ್ ತಗ್ಗಿಸಿ ಒಳಗಿನ ಬಣ್ಣವನ್ನು ತೋರಿಸುತ್ತದೆ, ಜೊತೆಗೆ ಒಂದೂವರೆ–ಎರಡು ಸ್ಟಾಪ್ ಬೆಳಕನ್ನೂ ನುಂಗುವುದರಿಂದ ಷಟರ್ ನಿಧಾನವಾಗಲು ನೆರವಾಗುತ್ತದೆ. ಟ್ರೈಪಾಡಿನ ಕಾಲುಗಳನ್ನು ಮರಳಿನಲ್ಲಿ ಒತ್ತಿ ಹೂತ ಮೇಲೆಯೇ ಕ್ಯಾಮೆರಾ ಕೂರಿಸಿ, ಇಲ್ಲದಿದ್ದರೆ ಪ್ರತಿ ತೆರೆಗೂ ಅದು ಕುಸಿಯುತ್ತದೆ.

ಮಸೂರದ ಮೇಲೆ ಕುಳಿತ ಉಪ್ಪಿನ ಹನಿಯನ್ನು ಅಂಗಿಯ ತುದಿಯಿಂದ ಒರೆಸಬೇಡಿ, ಅದರಲ್ಲಿನ ಉಪ್ಪು, ಮರಳಿನ ಕಣಗಳು ಗೀರುತ್ತವೆ. ಊದುಗೊಳವೆಯಿಂದ ಕಣಗಳನ್ನು ಹಾರಿಸಿ, ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆದುಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆ. ಟ್ರೈಪಾಡನ್ನು ಅದೇ ರಾತ್ರಿ ನಲ್ಲಿಯ ಕೆಳಗೆ ಹಿಡಿದು, ಕಾಲಿನ ಬೀಗಗಳನ್ನು ಬಿಚ್ಚಿ ತೊಳೆಯಿರಿ.