ತೊನ್ನು ಬರೀ ಚರ್ಮದ ಬಣ್ಣದ ವಿಷಯ ಅಲ್ವಾ, ಅದಕ್ಕೆ ಮನಸ್ಸು ಯಾಕೆ ಇಷ್ಟು ಕುಗ್ಗುತ್ತದೆ?

ನೋವಿಲ್ಲ, ಜ್ವರವಿಲ್ಲ, ನಿಜ. ನಮ್ಮ ಚಿಕ್ಕಮ್ಮನಿಗೆ ಕೈಬೆರಳುಗಳ ಮೇಲೆ ತೊನ್ನು ಇದೆ. ಒಂದು ಮದುವೆಯಲ್ಲಿ ಅವರು ಕೋಸಂಬರಿ ಬಡಿಸಲು ಬಗ್ಗಿದಾಗ ಸಾಲಾಗಿ ಮೂವರು ಎಲೆಗೆ ಕೈ ಅಡ್ಡ ಹಿಡಿದು ಸಾಕು ಅಂದರು, ಹಿಂದೆಯೇ ಇನ್ನೊಬ್ಬರು ಅದೇ ಕೋಸಂಬರಿ ತಂದಾಗ ಹಾಕಿಸಿಕೊಂಡರು. ಆಮೇಲೆ ಚಿಕ್ಕಮ್ಮ ಎಲ್ಲೂ ಬಡಿಸಲು ನಿಂತಿಲ್ಲ.

ಇದು ಅಂಟುರೋಗ ಅಲ್ಲವೇ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳನ್ನು ಕೊಲ್ಲುತ್ತದೆ. ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೂ 'ಬಿಳಿ ಕುಷ್ಠ' ಅಂತ ಕರೆದು, ನಾಗದೋಷ ಅಂತ ತಲೆಗೆ ಕಟ್ಟಿ, ಮದುವೆ ಸಂಬಂಧ ತಪ್ಪಿಸುವವರು ಇನ್ನೂ ಇದ್ದಾರೆ. ಇದನ್ನೆಲ್ಲ ದಿನಾ ಹೊತ್ತವರಿಗೆ ಆತಂಕ, ಖಿನ್ನತೆ ಬರುವುದು ಉಳಿದವರಿಗಿಂತ ಜಾಸ್ತಿ.

ಮುಖದ ಮಚ್ಚೆಗೆ ಮುಲಾಮು, ಯುವಿ ಬೆಳಕಿನ ಚಿಕಿತ್ಸೆ ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತದೆ, ಬೆರಳ ತುದಿಗೆ ಕಷ್ಟ. ತಿಂಗಳುಗಟ್ಟಲೆ ಕಾಯಬೇಕು, ಮನಸ್ಸು ಸೋಲುವುದು ಆಗಲೇ. ಹಾಗಾಗಿ ಚರ್ಮದ ಡಾಕ್ಟರ್ ಹತ್ತಿರ ನಿದ್ದೆ, ಬೇಜಾರಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ.