ದೇಹ ಸುಟ್ಟ ಮೇಲೂ ಡಿಎನ್ಎ ಪರೀಕ್ಷೆ ಹೇಗಾಯ್ತು?

ರಷ್ಯಾದ ಕೊನೆಯ ಚಕ್ರವರ್ತಿಯ ಮಗಳು, ರಾಜಕುಮಾರಿ ಅನಸ್ತಾಸಿಯಾ ತಾನೇ ಅಂತ ಹೇಳಿಕೊಂಡಿದ್ದ ಅನ್ನಾ ಆಂಡರ್ಸನ್ ದೇಹವನ್ನು 1984ರಲ್ಲೇ ಸುಟ್ಟಿದ್ದರು, ಮತ್ತೆ ಆಕೆ ಅನಸ್ತಾಸಿಯಾ ಅಲ್ಲ ಅಂತ ಹೇಗೆ ಗೊತ್ತಾಯ್ತು ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

1979ರಲ್ಲಿ ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ ಆಕೆಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಆಗ ತೆಗೆದ ಕರುಳಿನ ತುಂಡನ್ನು ಆಸ್ಪತ್ರೆಯವರು ಮೇಣದಲ್ಲಿ ಕೂರಿಸಿ ಜೋಪಾನವಾಗಿ ಇಟ್ಟಿದ್ದರು. 1994ರ ಪರೀಕ್ಷೆಗೆ ಸಿಕ್ಕಿದ್ದು ಅದೇ.

ತಾಯಿಯ ಕಡೆಯಿಂದ ಮಾತ್ರ ಬರುವ ಡಿಎನ್ಎ ಒಂದಿದೆ. ಬ್ರಿಟನ್ನಿನ ಪ್ರಿನ್ಸ್ ಫಿಲಿಪ್ ಅವರ ತಾಯಿಯ ತಾಯಿ ಮತ್ತು ಅನಸ್ತಾಸಿಯಾಳ ತಾಯಿ ಸ್ವಂತ ಅಕ್ಕತಂಗಿಯರು. ಅನ್ನಾ ನಿಜವಾಗಿ ಅನಸ್ತಾಸಿಯಾ ಆಗಿದ್ದರೆ ಫಿಲಿಪ್ ರಕ್ತದ ಜೊತೆ ತಾಳೆ ಆಗಲೇಬೇಕಿತ್ತು. ಆಗಲಿಲ್ಲ. ತಾಳೆ ಆಗಿದ್ದು 1920ರಲ್ಲಿ ಬರ್ಲಿನ್‌ನಲ್ಲಿ ಕಾಣೆಯಾದ ಫ್ರಾನ್ಸಿಸ್ಕಾ ಶಾಂಜ್ಕೊವ್ಸ್ಕಾ ಎಂಬ ಕಾರ್ಖಾನೆ ಕೆಲಸದಾಕೆಯ ಸಂಬಂಧಿಯ ಜೊತೆ. ಅಂದರೆ ಅನ್ನಾ ಅಂದುಕೊಂಡಿದ್ದವಳು ಈ ಫ್ರಾನ್ಸಿಸ್ಕಾನೇ.

ಆದರೆ ಆಕೆಯನ್ನು ಸುಮ್ನೆ ಮೋಸಗಾತಿ ಅನ್ನೋಕೆ ನನಗೆ ಮನಸ್ಸು ಬರಲ್ಲ. 1916ರಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ಆಕೆಯ ಕೈಯಿಂದ ಜಾರಿದ ಗ್ರೆನೇಡ್ ಸಿಡಿದು ಮೇಸ್ತ್ರಿ ಕಣ್ಣೆದುರೇ ಸತ್ತಿದ್ದ, ಆಕೆಗೂ ಪೆಟ್ಟಾಗಿತ್ತು. 1920ರಲ್ಲಿ ಆಕೆ ಕಾಲುವೆಗೆ ಹಾರಿದಳು. ಉಳಿಸಿದ ಮೇಲೆ ಹುಚ್ಚಾಸ್ಪತ್ರೆಯಲ್ಲಿ ಹೆಸರು ಕೂಡ ಹೇಳಲಿಲ್ಲ. ರಾಜಕುಮಾರಿ ಇರಬಹುದು ಅಂತ ಮೊದಲು ಬಾಯಿಬಿಟ್ಟಿದ್ದು ಪಕ್ಕದ ಇನ್ನೊಬ್ಬ ರೋಗಿ, ಅದೂ ಅನಸ್ತಾಸಿಯಾ ಅಲ್ಲ, ಆಕೆಯ ಅಕ್ಕ ತಾತಿಯಾನಾ ಅಂತ!