ಹನ್ನೊಂದು ಬಾಯಿಗಳ ಲೆಕ್ಕ

ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟವೊಂದರಲ್ಲಿ ಬಹುಕಾಲ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದು ನಿವೃತ್ತರಾದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: ಅವರ ಚರ್ಚ್‌ನ ವಾರ್ಷಿಕ ಹಬ್ಬದ ಬಲಿಪೂಜೆಗೆ (ಮಾಸ್) ಕೀಬೋರ್ಡ್, ಡ್ರಮ್ ಪ್ಯಾಡ್, ಆಳೆತ್ತರದ ಎರಡು ಸೌಂಡ್ ಬಾಕ್ಸ್ ಬಂದಿದ್ದವು. ಹಾಡಿನ ಹೊತ್ತಿನಲ್ಲಿ ಅವರು ಹಿಂದಕ್ಕೆ ತಿರುಗಿ ಎಣಿಸಿದರು. ಗಾಯನ ತಂಡವನ್ನು ಬಿಟ್ಟರೆ, ತುಂಬಿದ ಚರ್ಚ್‌ನಲ್ಲಿ ಬಾಯಿ ತೆರೆದಿದ್ದವರು ಹನ್ನೊಂದೇ ಮಂದಿ. ಪೂಜೆ ಮುಗಿದ ಮೇಲೆ ಈ ಮಾತೆತ್ತಿದರೆ, ‘ಇದಿಲ್ಲದಿದ್ದರೆ ಯುವಕರು ಬರುವುದಿಲ್ಲ, ಶಬ್ದ ಬೇಡವಾದರೆ ನೀವು ಬೆಳಗಿನ ಪೂಜೆಗೆ ಬನ್ನಿ’ ಎಂದು ತಂಡದವರು ಅಂದರಂತೆ. ‘ಪ್ರಭು ಯೇಸುವಿನ ಶಿಷ್ಯರ ಬಳಿ ಯಾವ ಬ್ಯಾಂಡ್ ಇತ್ತು? ಆರಾಧನೆಗೆ ಸಂಗೀತ ಬೇಕೇ ಬೇಕೆ? ಬೇಕಾದರೆ ನಮ್ಮ ದೇಶದ ಹಾರ್ಮೋನಿಯಂ ಸಾಲದೆ?’ ಎಂದು ಕೇಳಿದ್ದಾರೆ.

ರೈಟರ್ ಅವರೇ,

ಆಳುಗಳ ಹಾಜರಿಯ ಚೆಕ್‌ರೋಲ್ ಬರೆದ ಕೈ ಚರ್ಚ್‌ನಲ್ಲೂ ಸುಮ್ಮನಿರಲಿಲ್ಲವಲ್ಲ ಎಂದು ಮೊದಲು ನಗು ಬಂತು. ಎರಡನೆಯ ಸಲ ಓದಿದಾಗ ನಗು ನಿಂತಿತು. ನಾಲ್ಕು ಪುಟಗಳಲ್ಲಿ ಆ ಹನ್ನೊಂದು ಎಂಬ ಅಂಕಿಯೇ ನನ್ನನ್ನು ಹಿಡಿದು ಕೂರಿಸಿತು. ಅದಕ್ಕೆ ಬರುತ್ತೇನೆ.

ಮೊದಲು ಹಾರ್ಮೋನಿಯಂ. ಬೇಸರಿಸಬೇಡಿ, ಅದು ನಮ್ಮ ದೇಶದ್ದಲ್ಲ. 1840ರಲ್ಲಿ ಪ್ಯಾರಿಸ್‌ನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಮ್ಮ ಸಂಗೀತಕ್ಕೆ ಅದು ಹೊಂದುವುದಿಲ್ಲವೆಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಇಂದು ಭಜನೆಯಿಂದ ಬಲಿಪೂಜೆಯವರೆಗೆ ಅದಿಲ್ಲದೆ ನಡೆಯುವುದಿಲ್ಲ. ಕೀಬೋರ್ಡ್ ಅದರ ಮೊಮ್ಮಗನಿದ್ದ ಹಾಗೆ. ಹಾಗಾಗಿ ದೇಶ ವಿದೇಶದ ವಾದವನ್ನು ಇಲ್ಲಿಗೇ ಬಿಡೋಣ.

ಶಿಷ್ಯರ ಬಳಿ ಬ್ಯಾಂಡ್ ಇರಲಿಲ್ಲ, ಒಪ್ಪಿದೆ. ಆದರೆ ಹಾಡು ಇತ್ತು. ಕೊನೆಯ ಭೋಜನ ಮುಗಿಸಿ ಅವರು ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದರೆಂದು ಮತ್ತಾಯನು ಬರೆದಿದ್ದಾನೆ. ಹಿಡಿದು ಕೊಲ್ಲುವವರು ಕತ್ತಲಲ್ಲಿ ಬರುತ್ತಿರುವಾಗಲೂ ಆ ಹಾಡನ್ನು ಬಿಟ್ಟು ಏಳಲಿಲ್ಲ. ಇನ್ನು ವಾದ್ಯಗಳ ಮಾತು: 150ನೆಯ ಕೀರ್ತನೆಯಲ್ಲಿ ಕೊಂಬು, ವೀಣೆ, ದಮ್ಮಡಿ, ತಾಳ ಎಲ್ಲವೂ ಇವೆ. ಅದೇ ಬೈಬಲ್ಲಿನಲ್ಲಿ ಪ್ರವಾದಿ ಆಮೋಸನ ಬಾಯಲ್ಲಿ ದೇವರು, ನಿಮ್ಮ ಹಾಡುಗಳ ಗದ್ದಲವನ್ನು ನನ್ನಿಂದ ದೂರ ಮಾಡಿರಿ ಎಂದು ಗದರುವುದೂ ಇದೆ. ನಿಮಗೂ ಆ ತಂಡಕ್ಕೂ ಆಧಾರ ಒಂದೇ ಪುಸ್ತಕದಲ್ಲಿ ಸಿಗುತ್ತದೆ!

ನಿಮ್ಮ ಅನುಮಾನಕ್ಕೆ ಸಾವಿರದ ಆರುನೂರು ವರ್ಷ ವಯಸ್ಸಾಗಿದೆ. ಚರ್ಚ್‌ನಲ್ಲಿ ಹಾಡು ಕೇಳಿ ಕಣ್ಣೀರು ಹಾಕಿದವರು ಸಂತ ಅಗಸ್ಟೀನರು. ಆದರೆ ಹಾಡಿದ ಮಾತಿಗಿಂತ ಹಾಡಿನ ಇಂಪೇ ನನ್ನನ್ನು ಹೆಚ್ಚು ಕದಲಿಸಿದಾಗ ಪಾಪ ಮಾಡಿದೆನೆಂದು ಕೊರಗುತ್ತೇನೆ, ಆಗ ಹಾಡು ಕೇಳದಿದ್ದರೇ ಒಳ್ಳೆಯದಿತ್ತು ಅನ್ನಿಸುತ್ತದೆ ಎಂದು ತಮ್ಮ ಆತ್ಮನಿವೇದನೆಯಲ್ಲಿ ಬರೆದಿದ್ದಾರೆ. ಹಾಗೆಂದು ಅವರು ಹಾಡನ್ನು ನಿಲ್ಲಿಸಿ ಎನ್ನಲಿಲ್ಲ. ತೂಗಿ ನೋಡಿ, ಇರಲಿ ಎಂದರು. 1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು (ಪೋಪ್) ಚರ್ಚ್‌ನೊಳಗೆ ಪಿಯಾನೊ, ಡೋಲುಗಳನ್ನು ನಿಷೇಧಿಸಿದ್ದರು. ಕಥೋಲಿಕ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬಾಗಿಲನ್ನು ಅಗಲಿಸಿತು. ಆಯಾ ಜನರ ಸ್ವಂತ ಸಂಗೀತಕ್ಕೂ ಆರಾಧನೆಯಲ್ಲಿ ಜಾಗ ಕೊಡಬೇಕೆಂದಿತು. ಉಳಿದ ಕಲೆಗಳಿಗಿಂತ ಸಂಗೀತಕ್ಕೆ ಮೇಲಿನ ಸ್ಥಾನವನ್ನೂ ಕೊಟ್ಟಿತು. ಅದಕ್ಕೆ ಹೇಳಿದ ಕಾರಣ ಇಂಪಲ್ಲ. ಹಾಡು ಆರಾಧನೆಯ ಮಾತಿಗೆ ಹೆಣೆದುಕೊಂಡಿದೆ, ಆದ್ದರಿಂದ ಅದು ಆರಾಧನೆಯ ಅಂಗ. ಅಂದರೆ ಪೀಠದ ಮೇಲಿನ ಹೂದಾನಿಯಂತೆ ಅಲಂಕಾರವಲ್ಲ, ಪ್ರಾರ್ಥನೆಯೇ. ಸಭೆಯೆಲ್ಲ ಅದರಲ್ಲಿ ಪಾಲುಗೊಳ್ಳಬೇಕೆಂದೂ ಅದೇ ಮಹಾಸಭೆ ಹೇಳಿತು. ನಿಮ್ಮ ಹನ್ನೊಂದರ ಲೆಕ್ಕ ಚುಚ್ಚುವುದು ಇಲ್ಲಿ.

ಮಾತಿಗೂ ರಾಗಕ್ಕೂ ಗಂಟು ಹಾಕುವುದು ಸುಲಭವಲ್ಲ. ಜರ್ಮನ್ ಪಾದ್ರಿ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು. ಅವರೂ ಬಾಸೆಲ್ ಮಿಷನ್ನಿನ ಅವರ ಸಂಗಡಿಗರೂ ಜರ್ಮನ್ ರಾಗಗಳಿಗೆ ಕನ್ನಡ ಪದ ಹೊಂದಿಸಿದವರು. ಅಂಥ ಹಾಡುಗಳಲ್ಲಿ ಕೆಲವೆಡೆ ಹ್ರಸ್ವವನ್ನು ಎಳೆಯಬೇಕು, ದೀರ್ಘವನ್ನು ನುಂಗಬೇಕು. ಕನ್ನಡದ ಕಿವಿಗೆ ಕಲ್ಲು ಸಿಕ್ಕಿದಂತಾಗುತ್ತದೆ. ನಿಘಂಟಿನ ಕಿಟ್ಟೆಲ್ ಇದನ್ನು ಬಲ್ಲವರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಅವರು ನಮ್ಮ ಹಾಡುಗಬ್ಬದ ಧಾಟಿಗೇ ತಂದರು. ಆದರೂ ಆ ಜರ್ಮನ್ ರಾಗಗಳನ್ನು ನಾನು ಹಳಿಯುವುದಿಲ್ಲ. ಹೆಜ್ಜೆ ನಿಧಾನ, ಸ್ವರ ಕಡಿಮೆ, ಎಂಥ ಒರಟು ಗಂಟಲಿಗೂ ಹತ್ತುತ್ತವೆ. ಈಗಿನ ಎಷ್ಟೋ ಹಾಡುಗಳು ಹಾಗಲ್ಲ, ರೆಕಾರ್ಡಿಂಗ್‌ನಲ್ಲಿ ಒಬ್ಬರು ಹಾಡಲೆಂದು ಕಟ್ಟಿದವು. ಸಭೆ ಹಾಡಲಿಲ್ಲವೆಂದು ಸಭೆಯನ್ನು ದೂರಿದರೆ ಏನು ಫಲ?

ಇದನ್ನು ಬಲ್ಲೆ, ಏಕೆಂದರೆ ತಪ್ಪು ಮಾಡಿದವನು ನಾನೇ. ಇಪ್ಪತ್ತರ ವಯಸ್ಸಿನಲ್ಲಿ ನಮ್ಮ ಧರ್ಮಕೇಂದ್ರದ ಹಾರ್ಮೋನಿಯಂ ನನ್ನ ಕೈಯಲ್ಲಿತ್ತು. ತಂಡದ ಹುಡುಗಿಯರ ದನಿ ಬಿಳಿ ಐದರ ಎತ್ತರದ ಶ್ರುತಿಯಲ್ಲಿ ಚೆನ್ನಾಗಿ ಹೊಳೆಯುತ್ತಿತ್ತು. ನಾನು ಅಲ್ಲೇ ಶ್ರುತಿ ಕಟ್ಟಿದೆ, ವರ್ಷಗಟ್ಟಲೆ. ಗಂಡಸರು ಪಲ್ಲವಿಯವರೆಗೆ ಬಂದು ಏದುಸಿರು ಬಿಟ್ಟು ಸುಮ್ಮನಾಗುತ್ತಿದ್ದರು. ಭಕ್ತಿ ಸಾಲದು ಎಂದುಕೊಂಡಿದ್ದೆ! ಈಸ್ಟರ್‌ಗೆ ಮುಂಚಿನ ಒಂದು ತಪಸ್ಸುಕಾಲದಲ್ಲಿ ತಿದಿ ಹರಿದು ಪೆಟ್ಟಿಗೆ ಮೂಲೆ ಸೇರಿತು. ಆ ಭಾನುವಾರ ಹಿಂದಿನ ಬೆಂಚಿನ ಮುದುಕರೊಬ್ಬರು ತಮಗೆ ಹಿಡಿಸಿದ ಶ್ರುತಿಯಲ್ಲಿ ಹಾಡು ಎತ್ತಿದರು. ನನ್ನ ಕಿವಿಗೆ ಅದು ಕಪ್ಪು ಒಂದರ ಆಸುಪಾಸು, ನನ್ನದಕ್ಕಿಂತ ಬಹಳ ತಗ್ಗು. ಇಡೀ ಚರ್ಚ್ ಹಾಡಿತು. ನನಗೆ ಖುಷಿಯಾಗಲಿಲ್ಲ, ನಾಚಿಕೆಯಾಯಿತು. ಕೀಬೋರ್ಡ್‌ನಲ್ಲಿ ಶ್ರುತಿ ಇಳಿಸಲು ಒಂದು ಗುಂಡಿಯೇ ಇದೆ, ಅದನ್ನು ಒತ್ತುವ ಮನಸ್ಸು ಬೇಕು.

ಇನ್ನೊಂದನ್ನು ಹೇಳಿಬಿಡುತ್ತೇನೆ. ಒಂದು ಕಕ್ಕಡದಲ್ಲಿ, ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಕರೆಂಟ್ ಹೋಗಿ ಮೂರು ದಿನವಾಗಿದ್ದಾಗ, ತೋಟದ ಲೈನ್ ಮನೆಯೊಂದರಲ್ಲಿ ತೀರಿಕೊಂಡವರ ಮುಂದೆ ಜಪಸರಕ್ಕೆ ಕೂತಿದ್ದೆವು. ತಗಡಿನ ಮೇಲೆ ಮಳೆ ಹೇಗೆ ಹೊಡೆಯುತ್ತಿತ್ತೆಂದರೆ ಪಕ್ಕದವರ ಪ್ರಾರ್ಥನೆ ಕೇಳುತ್ತಿರಲಿಲ್ಲ. ಒಂದು ಸುತ್ತು ಮಣಿ ಮುಗಿಯುವಷ್ಟರಲ್ಲಿ ದನಿಗಳು ಒಂದೊಂದು ಕಡೆಗೆ ಚೆದುರಿದವು. ಆಗ ತೀರಿಕೊಂಡವರ ಅತ್ತಿಗೆ, ಮಾತು ಬಿಟ್ಟು, ಮಾತೆ ಮರಿಯಳ ಒಂದು ಹಾಡು ಹಿಡಿದರು. ಅವರದು ಕೊಂಕಣಿ. ಬಾಗಿಲ ಬಳಿಯವರು ಅದೇ ರಾಗಕ್ಕೆ ಮಲಯಾಳದ ಪದ ಹಾಕಿದರು, ತಮಿಳಿನವರು ತಮ್ಮದನ್ನು. ನನಗೆ ಎರಡನೆಯ ಸಾಲು ಮರೆತು ಬರೀ ಗುನುಗಿದೆ. ಮೇಣದ ಬತ್ತಿಯ ಹತ್ತಿರ ಕೂತಿದ್ದ ಹುಡುಗ ತಾಯಿಯ ತುಟಿ ನೋಡಿಕೊಂಡು ಒಂದೊಂದೇ ಪದ ಹಿಡಿಯುತ್ತಿದ್ದ. ಮಳೆ ಕಡಿಮೆಯಾಗಿರಲಿಲ್ಲ, ಆದರೆ ಆಮೇಲೆ ಯಾರ ದನಿಯೂ ಒಂಟಿಯಾಗಿರಲಿಲ್ಲ. ಆರಾಧನೆಗೆ ಸಂಗೀತ ಬೇಕೇ ಬೇಕೆ ಎಂದು ನೀವು ಕೇಳಿದಾಗ ನನಗೆ ಕಣ್ಣಿಗೆ ಬಂದದ್ದು ಅದೇ ಕೋಣೆ. ಬೇಕು, ರೈಟರ್ ಅವರೇ.

ಸೌಂಡ್ ಬಾಕ್ಸ್ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಸುಗ್ಗಿಯ ಹಬ್ಬ ಪುತ್ತರಿಯ ಹೊತ್ತಿಗೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದ ನಾಲ್ವರು ಮನೆಯಂಗಳದಲ್ಲಿ ಹಾಡುವುದನ್ನು ಕೇಳಿದ್ದೀರಿ. ದುಡಿ ಎಷ್ಟು ಬಿಗಿಯಾಗಿ ನುಡಿದರೂ ಪದವನ್ನು ಮುಚ್ಚುವುದಿಲ್ಲ. ಡ್ರಮ್ ಪ್ಯಾಡ್‌ಗೂ ಆ ಅಳತೆ ಹಾಕಬಹುದು. ಪಕ್ಕದಲ್ಲಿ ನಿಂತವರ ದನಿ ಕೇಳಿಸದಷ್ಟು ಸದ್ದಿದ್ದರೆ ಯಾರೂ ಬಾಯಿ ತೆರೆಯುವುದಿಲ್ಲ. ತೆರೆದರೂ ತಮಗೇ ಗೊತ್ತಾಗುವುದಿಲ್ಲ. ಪೂಜೆಗೆ ಹತ್ತು ನಿಮಿಷ ಮೊದಲು ಯಾರಾದರೂ ಮುಂದೆ ಬಂದು ಹೊಸ ಹಾಡಿನ ಪಲ್ಲವಿಯನ್ನು ಎರಡು ಸಲ ಹೇಳಿಕೊಡಲಿ. ನಿಮ್ಮನ್ನು ಬೆಳಗಿನ ಪೂಜೆಗೆ ಅಟ್ಟಿದ ಮಾತು ಮಾತ್ರ ಸರಿಯಲ್ಲ, ವಯಸ್ಸಾದವರನ್ನು ಒಂದು ಪೂಜೆಗೆ, ಎಳೆಯರನ್ನು ಇನ್ನೊಂದಕ್ಕೆ ಬೇರೆ ಮಾಡಿದರೆ ಹಾಡು ಯಾರಿಂದ ಯಾರಿಗೆ ದಾಟಬೇಕು?

ಪತ್ರದ ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀರಿ: ಡ್ರಮ್ ಪ್ಯಾಡ್ ಬಾರಿಸಿದ್ದು ನಿಮ್ಮ ಮೊಮ್ಮಗನೇ ಎಂದು. ಅವನಿಗೆ ಇನ್ನೂ ಏನೂ ಹೇಳಿಲ್ಲವಂತೆ. ಹೆಸರು ಹಾಕದಿದ್ದರೂ ಹನ್ನೊಂದು ಜನರನ್ನು ಎಣಿಸಿದ್ದು ಯಾರೆಂದು ಅವನಿಗೆ ಒಂದೇ ಓದಿಗೆ ತಿಳಿಯುತ್ತದೆ. ಈ ಸಂಚಿಕೆ ಅಂಚೆಗೆ ಬೀಳುವುದು ಶನಿವಾರ. ನಿಮ್ಮ ಕಡೆಗೆ ಬರಲು ಇನ್ನೆರಡು ದಿನ. ನಡುವೆ ಒಂದು ಭಾನುವಾರ ಸಿಗುತ್ತದೆ.

– ಸಂ.